ಗೃಹಾರೋಗ್ಯ ವಿಚಾರ: ಕಣ್ಣಿಗೆ ಕಾಣದ ನೋವು

ಮಲೆನಾಡಿನ ಊರೊಂದರಿಂದ ವಾಚಕ ಮಹಾಶಯರೊಬ್ಬರು ಬರೆದಿರುವ ಕಾಗದದ ಸಾರಾಂಶವಿದು. ಅವರ ತಾಯಿಗೆ ಈಗ ಐವತ್ತನಾಲ್ಕು ವರ್ಷ. ಆರು ವರ್ಷಗಳಿಂದ ಆಕೆಗೆ ಮೈಯೆಲ್ಲ ನೋವು. ಒಂದು ದಿನ ಹೆಗಲು, ಮರುದಿನ ಸೊಂಟ, ಅದರಾಚೆಯ ದಿನ ತೊಡೆ ಮೊಣಕೈಗಳು. ರಾತ್ರಿ ಎಂಟು ಗಂಟೆಗಳ ಕಾಲ ಮಲಗಿದ್ದು ಎದ್ದರೂ ಮಲಗಿಯೇ ಇರಲಿಲ್ಲವೋ ಎಂಬಂಥ ಬಳಲಿಕೆ. ರಕ್ತವನ್ನು ಪರೀಕ್ಷಿಸಿದ್ದಾಯಿತು, ಎಕ್ಸ್‌ರೇ ತೆಗೆಸಿದ್ದಾಯಿತು, ಸಾಲ ಮಾಡಿ ಎಂ.ಆರ್.ಐ. ಕೂಡ ಮಾಡಿಸಿದ್ದಾಯಿತು, ಎಲ್ಲವೂ ಸರಿಯಾಗಿದೆಯೆಂದೇ ವರದಿ ಬಂದಿತು. ಕಟ್ಟಕಡೆಗೆ ಸಂಧಿರೋಗ ತಜ್ಞರೊಬ್ಬರು ನಿಧಾನವಾಗಿ ವಿಚಾರಿಸಿ, ಇದು ಫೈಬ್ರೊಮಯಾಲ್ಜಿಯ ಎಂದು ಹೇಳಿದರು. ಮನೆಯ ಯಜಮಾನರಿಗೆ ಮಾತ್ರ ಇದು ಸಮ್ಮತವಾಗಿಲ್ಲ. "ವರದಿಗಳೆಲ್ಲ ಸರಿಯಾಗಿದ್ದ ಮೇಲೆ ರೋಗವೆಲ್ಲಿಯದು? ಇವಳಿಗೆ ಒಂದು ಹೆಸರು ಬೇಕಾಗಿತ್ತು, ಡಾಕ್ಟರು ಕೊಟ್ಟರು" ಎಂದು ಅವರು ಹೇಳುವರಂತೆ. ಮಗನು ಕೇಳುವುದಿಷ್ಟು: "ಇಬ್ಬರಲ್ಲಿ ನಾನು ಯಾರನ್ನು ನಂಬಲಿ? ನಂಬಿದ ಮೇಲೆ ಏನು ಮಾಡಲಿ?"

ಮೊದಲನೆಯ ಪ್ರಶ್ನೆಗೆ ಉತ್ತರವು ಚಿಕ್ಕದು: ತಾಯಿಯನ್ನು ನಂಬತಕ್ಕದ್ದು. ಎರಡನೆಯದಕ್ಕೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಆದರೆ ನಂಬಿಕೆಗೂ ಆಧಾರ ಬೇಕಷ್ಟೆ. ಆದಕಾರಣ ರೋಗದ ಸ್ವರೂಪವನ್ನು ಮೊದಲು ಹೇಳುವೆವು.

ಈ ಹೆಸರಿನ ಮೊದಲ ಭಾಗವು ನಾರು ಎಂಬರ್ಥದ ಲ್ಯಾಟಿನ್ ಮಾತಿನಿಂದಲೂ, ಉಳಿದುದು ಸ್ನಾಯು ಮತ್ತು ನೋವು ಎಂಬರ್ಥದ ಗ್ರೀಕ್ ಮಾತುಗಳಿಂದಲೂ ಬಂದಿದೆ. ಹೆಸರು ಹೊಸದಾದರೂ ನೋವು ಹೊಸದಲ್ಲ. ಇಂಗ್ಲೆಂಡಿನ ಪ್ರಸಿದ್ಧ ನರರೋಗ ವೈದ್ಯರಾದ ಸರ್ ವಿಲಿಯಂ ಗೌವರ್ಸ್ ಎಂಬವರು 1904ರಲ್ಲಿ ಸೊಂಟನೋವನ್ನು ಕುರಿತು ಉಪನ್ಯಾಸ ಮಾಡುತ್ತ, ಇಂಥ ನೋವುಗಳಿಗೆ 'ಫೈಬ್ರೊಸೈಟಿಸ್' ಎಂದು ಹೆಸರಿಟ್ಟರು. ಸ್ನಾಯುಗಳ ನಡುವಣ ನಾರಿನಂಥ ಭಾಗದಲ್ಲಿ ಉರಿಯೂತವಿರಬೇಕೆಂದು ಅವರ ಊಹೆ. ಮುಂದಿನವರು ಎಷ್ಟು ಹುಡುಕಿದರೂ ಆ ಉರಿಯೂತವು ಸಿಕ್ಕಲಿಲ್ಲ. ಆದುದರಿಂದ 1976ರಿಂದೀಚೆಗೆ ಉರಿಯೂತವನ್ನು ಸೂಚಿಸುವ ಆ ಹೆಸರು ಹಿಂದೆ ಸರಿದು, ಬರಿಯ ನೋವನ್ನು ಹೇಳುವ ಈಗಿನ ಹೆಸರು ರೂಢಿಗೆ ಬಂದಿತು. 1990ರಲ್ಲಿ ಅಮೆರಿಕದ ಸಂಧಿರೋಗ ವೈದ್ಯರ ಸಂಸ್ಥೆಯವರು ಮೈಮೇಲೆ 18 ಸ್ಥಾನಗಳನ್ನು ಗೊತ್ತುಮಾಡಿ, ಬೆರಳಿನಿಂದ ಒತ್ತಿದಾಗ ಅವುಗಳಲ್ಲಿ 11 ಕಡೆಯಾದರೂ ನೋವಾದರೆ ಈ ರೋಗವೆಂದು ತಿಳಿಯಬೇಕೆಂದು ನಿಯಮ ಮಾಡಿದರು. 2010ರಲ್ಲಿ ಆ ಎಣಿಕೆಯನ್ನು ಕೈಬಿಟ್ಟು, ನೋವು ಎಷ್ಟು ಭಾಗಗಳಿಗೆ ಹರಡಿದೆ, ಬಳಲಿಕೆ ಎಷ್ಟು, ನಿದ್ರೆ ಹೇಗೆ, ನೆನಪು ಹೇಗೆ, ಇವೆಲ್ಲ ಮೂರು ತಿಂಗಳಾದರೂ ನಡೆದಿವೆಯೇ ಎಂದು ವಿಚಾರಿಸುವ ಪದ್ಧತಿಯನ್ನು ತಂದರು. ಅಂದರೆ ಈ ರೋಗವನ್ನು ಕಂಡುಹಿಡಿಯುವುದು ಯಂತ್ರದಿಂದಲ್ಲ, ರೋಗಿಯ ಮಾತನ್ನು ಕೇಳುವುದರಿಂದ. ಯಂತ್ರವು ಹೇಳಿದ್ದನ್ನೇ ನಂಬುವ ಈ ಕಾಲದಲ್ಲಿ ಇದೇ ದೊಡ್ಡ ತೊಡಕಾಗಿದೆ.

ಹಾಗಾದರೆ ಪರೀಕ್ಷೆಗಳೆಲ್ಲ ವ್ಯರ್ಥವಾದುವೇ? ಇಲ್ಲ. ಬೇರೆ ರೋಗಗಳು ಇದೇ ವೇಷದಲ್ಲಿ ಬರುವುದುಂಟು. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆ, ನಮ್ಮ ದೇಶದಲ್ಲಿ ಬಹು ಸಾಮಾನ್ಯವಾದ ವಿಟಮಿನ್ 'ಡಿ' ಕೊರತೆ, ಸಂಧಿವಾತ, ಕೊಬ್ಬಿಳಿಸಲು ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ಮೈನೋವನ್ನು ತರಬಲ್ಲವು. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಜ್ವರವು ಹಬ್ಬಿದಾಗ, ಜ್ವರವಿಳಿದ ಮೇಲೂ ಕೀಲುನೋವಿನಿಂದ ತಿಂಗಳುಗಟ್ಟಲೆ ನರಳಿದವರನ್ನು ನಮ್ಮ ವಾಚಕರು ಮರೆತಿರಲಾರರು. ಇವುಗಳಲ್ಲಿ ಅನೇಕಕ್ಕೆ ನೇರವಾದ ಔಷಧವಿರುವುದರಿಂದ ಅವು ಇಲ್ಲವೆಂದು ತಿಳಿಯುವುದು ಅಗತ್ಯ. ವರದಿಯಲ್ಲಿ ಏನೂ ಇಲ್ಲವೆಂದರೆ ಅವು ಇಲ್ಲವೆಂದು ಅರ್ಥ, ನೋವಿಲ್ಲವೆಂದು ಅರ್ಥವಲ್ಲ.

ನೋವು ಎಲ್ಲಿಂದ ಬರುವುದೆಂಬುದನ್ನು ಈಗಿನ ವೈದ್ಯಶಾಸ್ತ್ರವು ಹೀಗೆ ವಿವರಿಸುತ್ತದೆ. ಮನೆಯ ಮುಂದೆ ಕಟ್ಟಿದ ಕಾವಲು ನಾಯಿಯು ಕಳ್ಳನು ಬಂದಾಗ ಬೊಗಳಬೇಕಾದುದು ಧರ್ಮ. ಅದೇ ನಾಯಿಗೆ ಯಾವ ಕಾರಣದಿಂದಲೋ ಭಯ ಹೊಕ್ಕು, ಎಲೆ ಅಲುಗಿದರೂ, ಹಾಲಿನವನು ಬಂದರೂ, ಮನೆಯ ಮಗುವೇ ಬಂದರೂ ಬೊಗಳತೊಡಗಿದರೆ ಮನೆಯವರಿಗೆ ನಿದ್ರೆಯೆಲ್ಲಿಯದು? ನಮ್ಮ ನರಮಂಡಲದಲ್ಲಿ ನೋವನ್ನು ತಿಳಿಸುವ ಏರ್ಪಾಟು ಈ ರೋಗದಲ್ಲಿ ಇಂಥ ನಾಯಿಯಾಗಿದೆ. ಸ್ನಾಯುವಿನಲ್ಲಿಯೂ ಕೀಲಿನಲ್ಲಿಯೂ ಕೆಡುಕಿಲ್ಲ. ಬೆನ್ನುಹುರಿ ಮಿದುಳುಗಳಲ್ಲಿ ನೋವಿನ ಸುದ್ದಿಯನ್ನು ಹಿಗ್ಗಿಸಿ ಹೇಳುವ ಸ್ವಭಾವವು ನೆಲಸಿಬಿಟ್ಟಿದೆ. 2002ರಲ್ಲಿ ಅಮೆರಿಕದ ರಿಚರ್ಡ್ ಗ್ರೇಸ್ಲಿ ಮತ್ತು ಅವರ ಸಂಗಡಿಗರು ಹದಿನಾರು ಮಂದಿ ರೋಗಿಗಳನ್ನೂ ಹದಿನಾರು ಮಂದಿ ಆರೋಗ್ಯವಂತರನ್ನೂ ಕರೆದು, ಹೆಬ್ಬೆರಳಿನ ಉಗುರಿನ ಬುಡವನ್ನು ಅಳತೆಮಾಡಿ ಒತ್ತುತ್ತ, ಅದೇ ಕಾಲಕ್ಕೆ ಮಿದುಳಿನ ಚಿತ್ರಗಳನ್ನು ತೆಗೆದರು. ರೋಗಿಗಳಿಗೆ ಮೆಲ್ಲಗೆ ಒತ್ತಿದಾಗ ಮಿದುಳಿನ ಯಾವ ಭಾಗಗಳು ಎಚ್ಚೆತ್ತುವೋ, ಆರೋಗ್ಯವಂತರಲ್ಲಿ ಅವು ಎಚ್ಚರಗೊಳ್ಳಬೇಕಾದರೆ ಸುಮಾರು ಇಮ್ಮಡಿ ಒತ್ತಡ ಬೇಕಾಯಿತು. ರೋಗಿಯು ನೋವನ್ನು ದೊಡ್ಡದು ಮಾಡಿ ಹೇಳುತ್ತಿರಲಿಲ್ಲ. ಆಕೆಯ ಮಿದುಳಿಗೆ ತಲಪಿದ ನೋವೇ ದೊಡ್ಡದಾಗಿತ್ತು. ಯಜಮಾನರು ಈ ಒಂದು ಪ್ಯಾರಾವನ್ನಾದರೂ ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ.

"ಮಿದುಳಿನದೆಂದರೆ ಮನಸ್ಸಿನದೇ ಆಯಿತಲ್ಲ" ಎಂದು ಕೆಲವರು ಕೂಡಲೆ ಹಿಡಿದುಕೊಳ್ಳುವರು. ಹಾಗಲ್ಲ. ಹಲ್ಲುನೋವು ಕೂಡ ತಿಳಿದುಬರುವುದು ಮಿದುಳಿನಲ್ಲಿಯೇ. ಅದನ್ನು ಭ್ರಮೆಯೆಂದು ಯಾರೂ ಹೇಳುವುದಿಲ್ಲ. ದುಃಖ, ಚಿಂತೆಗಳು ಈ ನೋವನ್ನು ಹೆಚ್ಚಿಸುವುವೆಂಬುದೂ, ವರ್ಷಗಟ್ಟಲೆ ನೋವುಂಡವರಿಗೆ ಖಿನ್ನತೆ ಬರುವುದೆಂಬುದೂ ನಿಜ. ಅಪಘಾತ, ಜ್ವರ, ಶಸ್ತ್ರಚಿಕಿತ್ಸೆ, ಹತ್ತಿರದವರ ಸಾವು, ಇಂಥ ಯಾವುದಾದರೊಂದು ಪೆಟ್ಟಿನ ಹಿಂದೆಯೇ ರೋಗವು ತಲೆದೋರುವುದೂ ಉಂಟು. ಆದರೆ ಮನಸ್ಸು ಗಟ್ಟಿಮಾಡಿಕೊಂಡರೆ ಹೋಗುವ ನೋವಲ್ಲ ಇದು. ಬೇರೆ ಬೇರೆ ದೇಶಗಳ ಎಣಿಕೆಗಳಂತೆ ನೂರಕ್ಕೆ ಎರಡು ಮೂರು ಮಂದಿಗಾದರೂ ಇರುವ ರೋಗವಿದು. ಅವರಲ್ಲಿ ಹೆಂಗಸರೇ ಹೆಚ್ಚು. ಇದರಿಂದ ಕೀಲುಗಳು ಸೊಟ್ಟಗಾಗುವುದಿಲ್ಲ, ಅಂಗವು ಊನವಾಗುವುದಿಲ್ಲ. ಈ ಸಮಾಧಾನವನ್ನು ರೋಗಿಗೂ ಮಕ್ಕಳಿಗೂ ಮೊದಲ ದಿನವೇ ಹೇಳಬೇಕು.

ಇನ್ನು ಮನೆಯ ವಿಚಾರ.

ಈ ರೋಗದಲ್ಲಿ ಮನೆಯವರನ್ನು ಎಲ್ಲಕ್ಕಿಂತ ಹೆಚ್ಚಾಗಿ ದಾರಿತಪ್ಪಿಸುವುದು ಒಳ್ಳೆಯ ದಿನಗಳು. ತಾಯಿಯು ಹತ್ತು ದಿನ ನರಳಿದ ಮೇಲೆ ಹನ್ನೊಂದನೆಯ ದಿನ ಮೈ ಹಗುರವಾಗಿ ಏಳುವಳು. ಆ ದಿನ ಆಕೆ ಸುಮ್ಮನೆ ಕುಳಿತಾಳೆಯೇ? ಬಾಕಿ ಬಿದ್ದ ಕೆಲಸವೆಲ್ಲ ಕಣ್ಣಿಗೆ ಕುಕ್ಕುತ್ತಿರುತ್ತದೆ. ಅಟ್ಟವನ್ನು ಗುಡಿಸುವಳು, ಹಾಸಿಗೆಗಳನ್ನು ಬಿಸಿಲಿಗೆ ಹಾಕುವಳು, ಸಂಡಿಗೆಗೆ ಹಿಟ್ಟು ಕಾಸುವಳು. ಹಬ್ಬವೇನಾದರೂ ಹತ್ತಿರವಿದ್ದರೆ ಕೇಳುವುದೇ ಬೇಡ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ, ಮರುದಿನ ಮನೆಮಂದಿಗೆಲ್ಲ ಎಣ್ಣೆಯೊತ್ತಿ ನೀರೆರೆದು, ಮಧ್ಯಾಹ್ನ ಮೂವತ್ತು ಹೋಳಿಗೆ ತಟ್ಟಿದ ತಾಯಿಯು ಅದರ ಮರುದಿನದಿಂದ ನಾಲ್ಕು ದಿನ ಹಾಸಿಗೆ ಹಿಡಿಯುವಳು. ಆಗ ಬಂದ ನೆಂಟರು, "ಮೊನ್ನೆ ಹೋಳಿಗೆ ಮಾಡುವಾಗ ಇಲ್ಲದ ನೋವು ಇಂದು ಎಲ್ಲಿಂದ ಬಂತು?" ಎನ್ನುವರು. ಆ ಹೋಳಿಗೆಯಿಂದಲೇ ಬಂತು.

ತಿಂಗಳ ಸಂಬಳವನ್ನು ಮೊದಲ ವಾರದಲ್ಲಿಯೇ ವೆಚ್ಚಮಾಡಿ ಉಳಿದ ಮೂರು ವಾರ ಸಾಲ ಮಾಡುವವನ ಸ್ಥಿತಿ ಇದು. ಸಂಬಳ ಕಡಮೆಯಾಗಿದೆಯೆಂದು ಒಪ್ಪಿಕೊಂಡು ದಿನದಿನಕ್ಕೆ ಇಷ್ಟೆಂದು ಹಂಚಿಕೊಳ್ಳುವುದೇ ಉಪಾಯ. ಒಳ್ಳೆಯ ದಿನ ಮಾಡಬಹುದೆನಿಸಿದುದರಲ್ಲಿ ಅರ್ಧದಷ್ಟನ್ನೇ ಮಾಡುವುದು, ಕೆಟ್ಟ ದಿನ ಪೂರ್ತಿ ಮಲಗಿಬಿಡದೆ ಸ್ವಲ್ಪವಾದರೂ ಓಡಾಡುವುದು. ನೋವು ಬಂದ ಮೇಲೆ ವಿಶ್ರಮಿಸುವುದಲ್ಲ, ಇಪ್ಪತ್ತು ನಿಮಿಷ ಕೆಲಸವಾದೊಡನೆ, ನೋವು ಬರುವ ಮುಂಚೆಯೇ ಕುಳಿತುಕೊಳ್ಳುವುದು. ಹೇಳುವುದಕ್ಕೆ ಸುಲಭ. ಐವತ್ತು ವರ್ಷ ಇನ್ನೊಂದು ರೀತಿಯಲ್ಲಿ ಬಾಳಿದ ಹೆಂಗಸಿಗೆ ಇದು ಬಹಳ ಕಷ್ಟದ ಪಾಠ; ಮನೆಯವರ ಕಾವಲಿಲ್ಲದೆ ಕೈಗೂಡಲಾರದು. ಒಳ್ಳೆಯ ದಿನದಲ್ಲಿ, "ಅಮ್ಮ, ಅಟ್ಟ ನಾಳಿದ್ದಿಗೂ ಅಲ್ಲೇ ಇರುತ್ತದೆ" ಎಂದು ನಗುತ್ತ ಏಣಿಯನ್ನು ತೆಗೆದಿಡುವ ಮಗನು ಕೆಟ್ಟ ದಿನದಲ್ಲಿ ಕಾಲೊತ್ತುವ ಮಗನಿಗಿಂತ ಹೆಚ್ಚು ಉಪಕಾರ ಮಾಡಿದಂತಾಗುವುದು.

ಅಡಿಗೆಮನೆಯಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಕೊಳ್ಳಬಹುದು. ನೆಲದ ಮೇಲೆ ಈಳಿಗೆಮಣೆಯ ಮುಂದೆ ಕುಳಿತು ಏಳುವುದಕ್ಕಿಂತ ಎತ್ತರದ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ತರಕಾರಿ ಹೆಚ್ಚುವುದು ಮೇಲು. ಕಾಯಿ ತುರಿಯುವುದು, ನೆನೆದ ಬಟ್ಟೆ ಹಿಂಡುವುದು, ತುಂಬಿದ ಕುಕ್ಕರನ್ನೂ ಕೊಡವನ್ನೂ ಎತ್ತುವುದು, ಚಪಾತಿ ಲಟ್ಟಿಸುವುದು, ಇವು ಹೆಗಲು ಮಣಿಕಟ್ಟುಗಳನ್ನು ಹಿಂಡುವ ಕೆಲಸಗಳಾದ್ದರಿಂದ ಇವನ್ನು ಬೇರೆಯವರು ವಹಿಸಿಕೊಳ್ಳತಕ್ಕದ್ದು. ದಿನವೂ ಬೇಕಾಗುವ ಡಬ್ಬಿಗಳು ಕೈಗೆಟಕುವ ಎತ್ತರದಲ್ಲಿರಲಿ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಪ್ರೀತಿಯ ಮಕ್ಕಳು, "ಅಮ್ಮ, ನೀನು ಏನೂ ಮಾಡಬೇಡ, ಸುಮ್ಮನೆ ಕುಳಿತಿರು" ಎಂದು ಎಲ್ಲ ಕೆಲಸವನ್ನೂ ಕಿತ್ತುಕೊಳ್ಳುವುದುಂಟು. ಕೆಲಸವಿಲ್ಲದೆ ಕುಳಿತವಳಿಗೆ ಸ್ನಾಯುಗಳು ಸಡಿಲವಾಗಿ ನೋವು ಹೆಚ್ಚುವುದಲ್ಲದೆ, ಮನೆಯಲ್ಲಿ ತಾನು ಬೇಡವಾದೆನೆಂಬ ಕೊರಗೂ ಸೇರಿಕೊಳ್ಳುವುದು. ಯಾವ ಕೆಲಸವನ್ನು ಬಿಟ್ಟುಕೊಡಲು ಇಷ್ಟ, ಯಾವುದನ್ನು ಇಟ್ಟುಕೊಳ್ಳಲು ಇಷ್ಟ ಎಂದು ಆಕೆಯನ್ನೇ ಕೇಳಬೇಕು. ಒಗ್ಗರಣೆ ಮಾತ್ರ ತನ್ನ ಕೈಯದೇ ಆಗಬೇಕು ಎನ್ನುವ ತಾಯಂದಿರಿದ್ದಾರೆ. ದೇವರ ಮನೆಯನ್ನು ಬಿಟ್ಟುಕೊಡದವರಿದ್ದಾರೆ. ಇಟ್ಟುಕೊಳ್ಳಲಿ. ಮನೆಯ ಯಜಮಾನಿಕೆಯೂ ಆಕೆಯಲ್ಲಿಯೇ ಇರಲಿ.

ಹಾಗೆಯೇ "ಏನಾದರೂ ಸಹಾಯ ಬೇಕೆ?" ಎಂದು ಕೇಳುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ನಮ್ಮ ತಾಯಂದಿರ ಉತ್ತರ ಎಲ್ಲರಿಗೂ ಗೊತ್ತು: "ಬೇಡ, ನಾನೇ ಮಾಡುತ್ತೇನೆ, ನೀನು ಓದಿಕೋ ಹೋಗು." ಕೇಳಿದವನಿಗೆ ಕೇಳಿದ ಪುಣ್ಯ, ಪಾತ್ರೆ ಮಾತ್ರ ಆಕೆಗೇ ಉಳಿಯುವುದು. ಸಂಜೆಯ ಪಾತ್ರೆಗಳು ಹಿರಿಯ ಮಗನವು, ಬಟ್ಟೆ ಒಣಗಿಸುವುದು ಮಡಿಸುವುದು ಕಿರಿಯವನದು, ಬೆಳಗಿನ ಕಾಫಿ ಯಜಮಾನರದು ಎಂದು ಒಂದು ಸಲ ಗೊತ್ತುಮಾಡಿಬಿಟ್ಟರೆ, ಆಕೆ ದಿನವೂ ಬಾಯಿಬಿಟ್ಟು ಕೇಳುವ ಸಂಕೋಚವು ತಪ್ಪುವುದು. ಪಾತ್ರೆ ತಿಕ್ಕಿದ ಮಾತ್ರಕ್ಕೆ ಗಂಡಸರ ಕೈ ಸವೆದುಹೋದ ದೃಷ್ಟಾಂತವನ್ನು ನಾವಂತೂ ಕಂಡಿಲ್ಲ.

ನಿದ್ರೆಯ ವಿಷಯಕ್ಕೆ ಬರೋಣ. ಕೆನಡ ದೇಶದ ಟೊರಾಂಟೊ ನಗರದಲ್ಲಿ ಹಾರ್ವೆ ಮಾಲ್ಡೊಫ್‌ಸ್ಕಿ ಎಂಬ ವೈದ್ಯರು ಮತ್ತು ಅವರ ಜೊತೆಯವರು 1975ರಲ್ಲಿ ಒಂದು ವಿಚಿತ್ರವಾದ ಪ್ರಯೋಗವನ್ನು ಪ್ರಕಟಿಸಿದರು. ಈ ರೋಗಿಗಳು ಗಾಢವಾಗಿ ಮಲಗಿದ್ದಾಗಲೂ ಅವರ ಮಿದುಳಿನಲ್ಲಿ ಎಚ್ಚರದ ಲಕ್ಷಣದ ಅಲೆಗಳು ನುಸುಳುತ್ತಿದ್ದುದನ್ನು ಅವರು ಕಂಡರು. ಬಳಿಕ ಆರೋಗ್ಯವಾಗಿದ್ದ ಕೆಲವರನ್ನು ಮಲಗಿಸಿ, ಅವರು ಗಾಢನಿದ್ರೆಗೆ ಇಳಿದಾಗಲೆಲ್ಲ ಶಬ್ದಮಾಡಿ ಅದನ್ನು ಕೆಡಿಸಿದರು. ಹೀಗೆ ಕೆಲವೇ ರಾತ್ರಿಗಳು ಕಳೆಯುವಷ್ಟರಲ್ಲಿ ಅವರಿಗೂ ಮೈನೋವು, ಬಳಲಿಕೆಗಳು ಕಾಣಿಸಿಕೊಂಡುವು. ನೋವಿನಿಂದ ನಿದ್ರೆ ಕೆಡುವುದೆಂಬುದನ್ನು ಎಲ್ಲರೂ ಬಲ್ಲರು. ನಿದ್ರೆ ಕೆಟ್ಟುದರಿಂದ ನೋವು ಬರುವುದೆಂಬುದನ್ನು ಈ ಪ್ರಯೋಗವು ತೋರಿಸಿತು.

ಇದನ್ನು ತಿಳಿದ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಕಡೆಯಲ್ಲಿ ಮಲಗಿ ಎಲ್ಲರಿಗಿಂತ ಮೊದಲು ಏಳುವವಳು ತಾಯಿಯೇ ಎಂಬ ನಮ್ಮ ಹಳೆಯ ಪದ್ಧತಿಯನ್ನು ಪುನಃ ಯೋಚಿಸಬೇಕಾಗುತ್ತದೆ. ರಾತ್ರಿ ಹತ್ತು ಗಂಟೆಗೆ ಊಟಕ್ಕೆ ಬರುವ ಮಗನು ತಾನೇ ಬಡಿಸಿಕೊಳ್ಳಬಹುದು. ಟೆಲಿವಿಷನ್ನಿನ ಶಬ್ದವು ಆಕೆ ಮಲಗುವ ಕೋಣೆಗೆ ಕೇಳಿಸದಂತಿರಬೇಕು; ಈ ರೋಗಿಗಳಲ್ಲಿ ಅನೇಕರಿಗೆ ಶಬ್ದ, ಬೆಳಕು, ಕಟುವಾದ ವಾಸನೆ ಕೂಡ ಇತರರಿಗಿಂತ ಹೆಚ್ಚಾಗಿ ತಾಗುವುವು. ಸಂಜೆಯ ಮೇಲೆ ಕಾಫಿ ಬೇಡ. ಮಲಗುವ ಏಳುವ ಹೊತ್ತು ಭಾನುವಾರಗಳಲ್ಲಿಯೂ ಒಂದೇ ಆಗಿರಲಿ. ತಾಯಿಯು ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗುವುದನ್ನು ಯಾರಾದರೂ ಗಮನಿಸಿದ್ದರೆ ವೈದ್ಯರಿಗೆ ತಪ್ಪದೆ ಹೇಳತಕ್ಕದ್ದು. ಅದು ಬೇರೆಯೇ ತೊಂದರೆ, ಅದಕ್ಕೆ ಬೇರೆ ಚಿಕಿತ್ಸೆಯುಂಟು.

ಚಿಕಿತ್ಸೆಗಳಲ್ಲಿ ಮೇಲಾದುದು ಯಾವುದೆಂದು ಕೇಳಿದರೆ ನಮ್ಮ ವಾಚಕರು ಮಾತ್ರೆಯ ಹೆಸರನ್ನು ನಿರೀಕ್ಷಿಸುವರು. 2016ರಲ್ಲಿ ಯೂರೋಪಿನ ಸಂಧಿರೋಗ ವೈದ್ಯರ ಒಕ್ಕೂಟದವರು ಎಲ್ಲ ಚಿಕಿತ್ಸೆಗಳನ್ನೂ ತೂಗಿನೋಡಿ, ಬಲವಾಗಿ ಶಿಫಾರಸು ಮಾಡಿದುದು ಒಂದನ್ನೇ, ಅದು ವ್ಯಾಯಾಮ. ನಡೆಯಲಾರದವಳಿಗೆ ನಡೆಯೆಂದು ಹೇಳುವುದು ಕ್ರೂರವಾಗಿ ತೋರಬಹುದು. ಗುಟ್ಟಿರುವುದು ಅಳತೆಯಲ್ಲಿ. ಮೊದಲ ವಾರ ಮನೆಯಿಂದ ಬೀದಿಯ ತಿರುವಿನವರೆಗೆ, ಐದೇ ನಿಮಿಷ. ಮೈ ಒಗ್ಗಿದ ಮೇಲೆ ಒಂದೆರಡು ನಿಮಿಷ ಹೆಚ್ಚು. ಮೊದಮೊದಲು ನೋವು ತುಸು ಹೆಚ್ಚಿದಂತೆ ತೋರುವುದು; ಮರುದಿನ ಏಳಲಾಗದಷ್ಟಾದರೆ ಅಳತೆ ಮೀರಿತೆಂದು ತಿಳಿದು ಕಡಮೆ ಮಾಡಬೇಕು, ನಿಲ್ಲಿಸಬಾರದು. ಫಲ ಕಾಣಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ತಿಳಿದವರ ಸಮ್ಮುಖದಲ್ಲಿ ಮಾಡುವ ಮೃದುವಾದ ಯೋಗಾಸನಗಳೂ ಒಳ್ಳೆಯವೇ. "ಹೋಗಿ ನಡೆದು ಬಾ" ಎಂದು ಅಟ್ಟುವುದಕ್ಕಿಂತ ಜೊತೆಯಲ್ಲಿ ನಡೆಯುವುದು ಉತ್ತಮ. ಸಂಜೆ ಮೊಮ್ಮಗನ ಕೈಹಿಡಿದು ದೇವಸ್ಥಾನದವರೆಗೆ ಹೋಗಿಬರುವ ಅಜ್ಜಿಗೆ ಅದು ವ್ಯಾಯಾಮವೆಂಬ ನೆನಪೂ ಇರುವುದಿಲ್ಲ. ಬಿಸಿನೀರಿನ ಸ್ನಾನ, ಹಗುರವಾದ ಎಣ್ಣೆಯ ನೀವಿಕೆ ಅನೇಕರಿಗೆ ಹಿತವಾಗಿರುತ್ತವೆ. ಗಟ್ಟಿಯಾಗಿ ಹಿಸುಕುವ ಮಾಲೀಸು ಕೂಡದು.

ಔಷಧಗಳ ಮಾತು ಸಂಕ್ಷೇಪವಾಗಿ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರೆಗಬಾಲಿನ್ ಎಂಬಿವುಗಳನ್ನು ವೈದ್ಯರು ಕೊಡುವುದುಂಟು. ಕೆಲವರಿಗೆ ಗುಣ ಕಾಣುವುದು, ಕೆಲವರಿಗೆ ಇಲ್ಲ. ತೂಕಡಿಕೆ, ತಲೆಸುತ್ತು, ಬಾಯಿ ಒಣಗುವುದು ಮುಂತಾದ ತೊಂದರೆಗಳೂ ಉಂಟು. ಮೊದಲೆರಡು ಖಿನ್ನತೆಗೂ ಕೊಡುವ ಔಷಧಗಳಾದ್ದರಿಂದ, ಅಂಗಡಿಯವನಿಂದಲೋ ಮೊಬೈಲಿನಿಂದಲೋ ಅದನ್ನು ತಿಳಿದ ಮನೆಯವರು, "ನೋಡಿದಿರಾ, ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ" ಎಂದು ಎಸೆಯುವರು. ನರಮಂಡಲದಲ್ಲಿ ನೋವಿನ ಸುದ್ದಿಯನ್ನು ತಗ್ಗಿಸುವ ಗುಣವೂ ಅವಕ್ಕಿರುವುದರಿಂದ ಕೊಡುವರೇ ಹೊರತು ಬೇರೆ ಅರ್ಥವಿಲ್ಲ. ಇವನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದು ಅಪಾಯಕರ. ಇತ್ತ ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳಿಂದ ಈ ರೋಗಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಅವುಗಳಲ್ಲಿ ಹಲವು ಹೊಟ್ಟೆ ಮೂತ್ರಪಿಂಡಗಳಿಗೆ ಕೇಡು ಮಾಡುವುವು. ಸ್ಟಿರಾಯ್ಡುಗಳೂ ಅಫೀಮಿನ ಜಾತಿಯ ಮದ್ದುಗಳೂ ಬೇಡವೆಂಬುದೇ ತಜ್ಞರ ಮತ. ಇಪ್ಪತ್ತೊಂದು ದಿನಗಳಲ್ಲಿ ಬುಡಸಮೇತ ಕೀಳುವೆವೆಂದು ಜಾಹೀರಾತು ಕೊಡುವವರಿಗೆ ಹಣ ಕೊಡುವ ಬದಲು ಅಡಿಗೆಮನೆಗೆ ಒಂದು ಒಳ್ಳೆಯ ಎತ್ತರದ ಕುರ್ಚಿಯನ್ನು ಕೊಳ್ಳಬಹುದು.

ಈ ರೋಗವು ಮಧ್ಯವಯಸ್ಸಿಗೇ ಬರಬೇಕೆಂದಿಲ್ಲ. ಮೂವತ್ತು ಮೂವತ್ತೈದರ ತಾಯಿಗೆ ಬಂದಾಗ ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ. ಅವರ ಪಾಡನ್ನು ಯಾರೂ ಯೋಚಿಸುವುದಿಲ್ಲ. ನಿನ್ನೆ ಜೊತೆಯಲ್ಲಿ ಆಡಿದ ಅಮ್ಮ ಇಂದು ಗೋಡೆಯ ಕಡೆ ಮುಖಮಾಡಿ ಮಲಗಿದ್ದಾಳೆ. ತೊಡೆಯೇರಲು ಹೋದರೆ "ಅಯ್ಯೋ, ಬೇಡ" ಎಂದು ಸರಿಸುತ್ತಾಳೆ. ಮಗುವಿಗೆ ಇದಕ್ಕೆ ಕಾರಣ ತಿಳಿಯದು. ಕಾರಣ ತಿಳಿಯದಿದ್ದರೆ ಮಕ್ಕಳು ತಾವೇ ಒಂದನ್ನು ಕಲ್ಪಿಸಿಕೊಳ್ಳುವರು. ಅದು ಸಾಮಾನ್ಯವಾಗಿ, ತಾನು ತುಂಟತನ ಮಾಡಿದ್ದರಿಂದ ಅಮ್ಮನಿಗೆ ಹೀಗಾಯಿತು ಎಂಬುದೇ ಆಗಿರುತ್ತದೆ. ಅದಕ್ಕಿಂತ ದೊಡ್ಡ ಮಗುವಿಗೆ ಅಮ್ಮ ಸತ್ತುಹೋದಾಳೆಂಬ ಭಯ. ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಇವೆರಡನ್ನೂ ತಂದೆಯೋ ಅಜ್ಜಿಯೋ ಕೂರಿಸಿಕೊಂಡು ನೇರವಾಗಿ ಹೋಗಲಾಡಿಸಬೇಕು: "ಅಮ್ಮನ ಮೈಯಲ್ಲಿ ನೋವು ತಾನಾಗಿಯೇ ಹೆಚ್ಚುತ್ತದೆ. ನೀನು ಮಾಡಿದ ಯಾವುದರಿಂದಲೂ ಅದು ಬಂದುದಲ್ಲ. ಅದು ನಿನಗೆ ಅಂಟುವುದಿಲ್ಲ, ಅದರಿಂದ ಅಮ್ಮ ಸಾಯುವುದೂ ಇಲ್ಲ." ಇಷ್ಟು ಸಾಕು. ಅಪ್ಪಿಕೊಂಡರೆ ನೋಯುವ ದಿನ ಪಕ್ಕದಲ್ಲಿ ಕುಳಿತು ಅಂಗೈ ಹಿಡಿದುಕೊಳ್ಳುವುದನ್ನು ಕಲಿಸಬಹುದು. ನೋವಿನಲ್ಲಿ ಸಿಡುಕಿದ ತಾಯಿಯು ಸಂಜೆ ಮಗುವನ್ನು ಕರೆದು, "ಬೆಳಗ್ಗೆ ನನಗೆ ನೋವಾಗಿತ್ತು ಕಂದ, ನಿನ್ನ ಮೇಲಿನ ಕೋಪವಲ್ಲ" ಎಂದು ಹೇಳಿದರೆ ಮಗುವಿಗೆ ಎಷ್ಟೋ ಸಮಾಧಾನವಾಗುವುದು.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ತಾಯಿ ಹಾಸಿಗೆ ಹಿಡಿದ ಮನೆಯಲ್ಲಿ ಹಿರಿಯ ಮಗಳಿದ್ದರೆ, ಯಾರೂ ಹೇಳದೆಯೇ ಆಕೆ ಎರಡನೆಯ ತಾಯಿಯಾಗಿಬಿಡುವಳು. ಹದಿನಾಲ್ಕರ ಹುಡುಗಿ ಬೆಳಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿ, ತಮ್ಮನಿಗೆ ಜಡಿಯಂಗಿ ತೊಡಿಸಿ, ತಂದೆಗೆ ಬುತ್ತಿ ಕಟ್ಟಿ, ಶಾಲೆಗೆ ತಡವಾಗಿ ಹೋಗಿ ಬೈಸಿಕೊಳ್ಳುವಳು. ನೆರೆಹೊರೆಯವರು, "ಎಂಥ ಜಾಣೆ ಹುಡುಗಿ" ಎಂದು ಹೊಗಳುವರು. ಆ ಹೊಗಳಿಕೆಯಲ್ಲಿ ಆಕೆಯ ಎಸ್.ಎಸ್.ಎಲ್.ಸಿ. ಮುಳುಗಿಹೋಗುವುದು. ಕೆಲಸ ಕಲಿಯುವುದು ಮಕ್ಕಳಿಗೆ ಒಳ್ಳೆಯದೇ. ಆದರೆ ಇದು ವಾರದ ಜ್ವರವಲ್ಲ, ವರ್ಷಗಟ್ಟಲೆಯ ರೋಗ. ಇದರ ಭಾರವನ್ನು ಮೊದಲು ಹೊರಬೇಕಾದವರು ತಂದೆ, ಆಮೇಲೆ ಮನೆಯ ಇತರ ಹಿರಿಯರು, ಕೈಲಾದರೆ ಸಂಬಳಕ್ಕೆ ಬರುವ ಕೆಲಸದಾಕೆ; ಮಕ್ಕಳು ಕಟ್ಟಕಡೆಗೆ, ಅದೂ ಗಂಡು ಹೆಣ್ಣೆಂಬ ಭೇದವಿಲ್ಲದೆ. ಓದುವ ಹೊತ್ತು ಗೆಳತಿಯರ ಮನೆಗೆ ಹೋಗುವ ಹೊತ್ತು ಹುಡುಗಿಗೆ ಉಳಿದಿದೆಯೇ ಎಂಬುದನ್ನು ಯಜಮಾನರು ತಿಂಗಳಿಗೊಮ್ಮೆಯಾದರೂ ಲೆಕ್ಕಹಾಕಿ ನೋಡುವುದು ಅಗತ್ಯ.

ದೂರದ ಊರಿನಲ್ಲಿರುವ ಮಕ್ಕಳ ಪಾಲಿಗೆ ಟೆಲಿಫೋನೊಂದೇ ಉಳಿದಿದೆ. "ಹೇಗಿದ್ದೀಯಮ್ಮ?" ಎಂದರೆ "ಚೆನ್ನಾಗಿದ್ದೇನಪ್ಪ" ಎಂಬ ಉತ್ತರವು ಸಿದ್ಧವಾಗಿರುತ್ತದೆ. "ರಾತ್ರಿ ಎಷ್ಟು ಸಲ ಎಚ್ಚರವಾಯಿತು? ಇಂದು ಎಲ್ಲಿಯವರೆಗೆ ನಡೆದೆ? ಪಾತ್ರೆ ಯಾರು ತೊಳೆದರು?" ಎಂದು ಕೇಳಿದರೆ ನಿಜವು ಹೊರಬರುವುದು. ಮಾತಿನ ನಡುವೆ ಆಕೆ ಹೆಸರುಗಳನ್ನು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ ಗಾಬರಿಪಡಬೇಡಿ. ಮಂಜು ಕವಿದಂಥ ಈ ಮರೆವು ರೋಗದ ಲಕ್ಷಣಗಳಲ್ಲೊಂದು. ಒಲೆಯ ಮೇಲೆ ಹಾಲಿಟ್ಟು ಮರೆಯುವುದೂ ಇದರದೇ ಭಾಗವಾದ್ದರಿಂದ, ಗ್ಯಾಸು ಆರಿಸಿದೆಯೇ ಎಂದು ರಾತ್ರಿ ನೋಡುವ ಕೆಲಸವನ್ನು ಒಬ್ಬರಿಗೆ ಗೊತ್ತುಮಾಡಬೇಕು.

ನಾವು ಇದುವರೆಗೆ ತಾಯಿಯೆಂದೇ ಬರೆದೆವು. ತಂದೆಗೂ ಈ ರೋಗ ಬರಬಹುದು. ಗಂಡಸರು ಮೈನೋವನ್ನು ಹೇಳಿಕೊಳ್ಳುವುದು ಅವಮಾನವೆಂದು ತಿಳಿದು ಸಿಡುಕಿನಲ್ಲಿ ಮುಚ್ಚಿಡುವುದರಿಂದ ಅವರಲ್ಲಿ ಇದು ಹೊರಬೀಳುವುದು ತಡ. ಮೇಲೆ ಹೇಳಿದುದೆಲ್ಲ ಅವರಿಗೂ ಸಲ್ಲುವುದು.

ಕಾಗದ ಬರೆದ ಮಹಾಶಯರಿಗೆ ಕೊನೆಯದಾಗಿ ಒಂದು ಕೆಲಸವನ್ನು ಸೂಚಿಸುವೆವು. ಒಂದು ನೋಟುಬುಕ್ಕನ್ನು ತಂದು ದಿನಕ್ಕೆ ಎರಡು ಸಾಲು ಬರೆಯತೊಡಗಿ: ರಾತ್ರಿಯ ನಿದ್ರೆ ಹೇಗಿತ್ತು, ಹಗಲು ಏನು ಕೆಲಸವಾಯಿತು, ನೋವು ಎಲ್ಲಿ, ಹತ್ತಕ್ಕೆ ಎಷ್ಟು. ಈ ಬರವಣಿಗೆಯನ್ನು ತಮ್ಮ ತಂದೆಯವರಿಗೇ ವಹಿಸಿದರೆ ಇನ್ನೂ ಒಳ್ಳೆಯದು. ತಾಯಿಯ ಮಾತನ್ನು ನಂಬದವರು ತಮ್ಮ ಕೈಬರಹವನ್ನು ನಂಬಬಹುದು. ಹೋಳಿಗೆಯ ದಿನಕ್ಕೂ ಹಾಸಿಗೆಯ ದಿನಕ್ಕೂ ಇರುವ ಸಂಬಂಧವು ಎರಡು ತಿಂಗಳಲ್ಲಿ ಅವರಿಗೇ ಕಂಡುಬಂದೀತು. ವೈದ್ಯರಲ್ಲಿಗೆ ಹೋಗುವಾಗ ಆ ಪುಸ್ತಕವನ್ನೂ ತಂದೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಸಂಧಿರೋಗ ತಜ್ಞರು ಪ್ರತಿಯೊಂದು ಊರಿನಲ್ಲಿಯೂ ಇರುವುದಿಲ್ಲ. ರೋಗ ಇದೆಂದು ಒಮ್ಮೆ ನಿಶ್ಚಯವಾದ ಮೇಲೆ ಹತ್ತಿರದ ಒಳ್ಳೆಯ ವೈದ್ಯರೊಬ್ಬರೇ ಮುಂದಿನದನ್ನು ನೋಡಿಕೊಳ್ಳಬಹುದು. ಆದರೆ ಹೊಸದಾಗಿ ಏನು ಕಂಡರೂ "ಅದೇ ಹಳೆಯ ನೋವು" ಎಂದು ಸುಮ್ಮನಿರಕೂಡದು. ಕೀಲು ಊದಿಕೊಂಡರೆ, ಜ್ವರ ಬಿಡದಿದ್ದರೆ, ತೂಕ ಇಳಿಯುತ್ತ ಬಂದರೆ, ಕೈಕಾಲಿನ ಶಕ್ತಿಯೇ ಕುಂದಿದರೆ ಕೂಡಲೆ ತೋರಿಸಬೇಕು. ಎದೆಯಲ್ಲಿ ನೋವು ಬಂದು ಬೆವರಿದರೆ, ಉಸಿರು ಕಟ್ಟಿದರೆ, ಹಳೆಯ ರೋಗದ ಹೆಸರನ್ನು ಎತ್ತದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು.